ಕೆಲವೇ ಷೇರು, ಕೈತುಂಬ ಓದು

ಕೇಳುಗರೆಲ್ಲರಿಗೂ ನಮಸ್ಕಾರ.

ಷೇರುಪೇಟೆಯ ಮಾತು ಬಂದರೆ ಸಾಕು, "ಯಾವ ಷೇರು ತಗೊಳ್ಳಲಿ?" ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ. ಹೆಸರು ಹೇಳುವವರಿಗೇನೂ ಬರವಿಲ್ಲ. ಈ ಮಾತಿನಲ್ಲಿ ಮಾತ್ರ ಕೊಳ್ಳಿ ಅಂತ ಒಂದು ಹೆಸರೂ ಬರುವುದಿಲ್ಲ. ದಿನದ ದುಡಿಮೆ ಮುಗಿಸಿ, ಬಿಡುವಿನ ಹೊತ್ತಿನಲ್ಲಿ ತಾವೇ ಓದಿ, ತಾವೇ ಯೋಚಿಸಿ, ಏಳೆಂಟು ಕಂಪನಿಗಳಲ್ಲಿ ಹಣ ಹಾಕಬೇಕು ಅಂದುಕೊಂಡವರಿಗಾಗಿ ಈ ನಾಲ್ಕು ಮಾತು.

ಕಹಿಯನ್ನು ಮೊದಲೇ ಹೇಳಿಬಿಡುತ್ತೇನೆ. ಹೆಂಡ್ರಿಕ್ ಬೆಸೆಂಬೈಂಡರ್ ಎಂಬ ಹಣಕಾಸು ಪ್ರಾಧ್ಯಾಪಕರು 1926ರಿಂದ 2016ರವರೆಗಿನ ಅಮೆರಿಕದ ಷೇರುಗಳ ಜಾತಕವನ್ನೇ ಜಾಲಾಡಿದರು. ಸುಮಾರು 25,000 ಕಂಪನಿಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಷೇರುಗಳು ತಮ್ಮ ಇಡೀ ಆಯುಷ್ಯದಲ್ಲಿ ಸರ್ಕಾರದ ಅಲ್ಪಾವಧಿ ಸಾಲಪತ್ರದಷ್ಟೂ ಗಳಿಸಿಕೊಡಲಿಲ್ಲ. ಆ ಸಾಲಪತ್ರಗಳನ್ನು ಮೀರಿ ಪೇಟೆ ಒಟ್ಟಾರೆ ಸೃಷ್ಟಿಸಿದ ಸಂಪತ್ತೆಲ್ಲ ಬಂದದ್ದು ಶೇಕಡಾ 4ರಷ್ಟು ಕಂಪನಿಗಳಿಂದ. ಅಂದರೆ ಕಣ್ಣು ಮುಚ್ಚಿ ಕೈಹಾಕಿದರೆ ಸಾಧಾರಣ ಷೇರು ಸಿಗುವ ಸಂಭವವೇ ಹೆಚ್ಚು. ಇಡೀ ಪೇಟೆಯನ್ನೇ ಕೊಳ್ಳುವ ಇಂಡೆಕ್ಸ್ ಫಂಡ್‌ಗೆ ಆ ಶೇಕಡಾ 4 ತಾನಾಗಿಯೇ ಸಿಕ್ಕಿಬಿಡುತ್ತದೆ, ಹುಡುಕುವ ಗೋಜೇ ಇಲ್ಲ. ಆದ್ದರಿಂದ ಬಹುಪಾಲು ಜನರ ಬಹುಪಾಲು ಹಣ ಅಲ್ಲಿರುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಸ್ವಂತ ಆಯ್ಕೆಗೆ ಒಂದು ಪಾಲನ್ನು ಬೇರೆ ಎತ್ತಿಡಿ. ಐದಾರು ವರ್ಷ ಅದರ ಮುಖ ನೋಡದಿದ್ದರೂ ಸಂಸಾರ ನಡೆಯುವಂತಿರಬೇಕು, ಅಷ್ಟು ಪಾಲು.

ಇನ್ನು ಎಷ್ಟು ಷೇರು? ಪಂಡಿತರಲ್ಲೇ ಒಮ್ಮತವಿಲ್ಲ. ಬೇರೆ ಬೇರೆ ಷೇರುಗಳನ್ನು ಕೂಡಿಸಿದಾಗ ಅಪಾಯ ಹೇಗೆ ತಗ್ಗುತ್ತದೆ ಎಂಬುದಕ್ಕೆ ಹ್ಯಾರಿ ಮಾರ್ಕೊವಿಟ್ಸ್ 1952ರಲ್ಲಿ ಗಣಿತ ಕೊಟ್ಟರು. ಹತ್ತರ ಮೇಲೆ ಸೇರಿಸಿದರೆ ಅಂಥ ಲಾಭವೇನಿಲ್ಲ ಎಂದು 1968ರಲ್ಲಿ ಇವಾನ್ಸ್ ಮತ್ತು ಆರ್ಚರ್ ಬರೆದರು. ಇಲ್ಲ, 30 ಆದರೂ ಬೇಕು ಎಂದು 1987ರಲ್ಲಿ ಮೈರ್ ಸ್ಟ್ಯಾಟ್ಮನ್ ವಾದಿಸಿದರು. ಇವರೆಲ್ಲ ಅಳೆದದ್ದು ಬೆಲೆಯ ಏರಿಳಿತವನ್ನು. ಮನೆಯಲ್ಲಿ ಕೂತು ಹೂಡುವವರು ಅಳೆಯಬೇಕಾದದ್ದು ಇನ್ನೊಂದಿದೆ: ಓದುವುದಕ್ಕೆ ಇರುವ ಸಮಯ. ಒಂದು ಕಂಪನಿ ಅಂದರೆ ಅದರ ವಾರ್ಷಿಕ ವರದಿ, ತ್ರೈಮಾಸಿಕ ಫಲಿತಾಂಶಗಳು, ಜೊತೆಗೆ ಅದರ ಇಬ್ಬರು ಪ್ರತಿಸ್ಪರ್ಧಿಗಳ ವರದಿ. ಎಂಟು ಕಂಪನಿ ಅಂದರೆ ವರ್ಷಕ್ಕೆ 24 ದಪ್ಪ ವರದಿಗಳು. ಮೂವತ್ತಾದರೆ ತೊಂಬತ್ತು! ನೌಕರಿ ಬಿಟ್ಟು ಕೂತರೂ ಮುಗಿಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಖರ್ಚಿಗಷ್ಟೇ ಅಲ್ಲ, ಈ ಓದಿಗೂ ಸಲ್ಲುತ್ತದೆ. ಓದಲಾಗದ ಹದಿನೈದನೆಯ ಷೇರನ್ನು ಕೊಳ್ಳುವ ಬದಲು ಆ ಹಣವನ್ನು ಇಂಡೆಕ್ಸ್ ಫಂಡ್‌ಗೆ ಹಾಕಿ ನೆಮ್ಮದಿಯಾಗಿರಬಹುದು.

ಹಾಗಾದರೆ ವರದಿಯಲ್ಲಿ ಓದುವುದೇನು? ಅಧ್ಯಕ್ಷರ ಪತ್ರವನ್ನು, ನಗುಮುಖದ ಫೋಟೋಗಳನ್ನು ಸದ್ಯಕ್ಕೆ ದಾಟಿಬಿಡಿ. ನೇರವಾಗಿ ನಗದು ಹರಿವಿನ ಪಟ್ಟಿಗೆ ಬನ್ನಿ. ಒಂದು ಕಂಪನಿ ನೂರು ಕೋಟಿ ನಿವ್ವಳ ಲಾಭ ತೋರಿಸಿದೆ ಅಂದುಕೊಳ್ಳೋಣ. ಅದೇ ವರ್ಷ ವ್ಯವಹಾರದಿಂದ ಕೈಗೆ ಬಂದ ನಗದು ಇಪ್ಪತ್ತೇ ಕೋಟಿ. ಉಳಿದ ಎಂಬತ್ತು ಎಲ್ಲಿ ಹೋಯಿತು? ಆಸ್ತಿ-ಹೊಣೆ ಪಟ್ಟಿಯಲ್ಲಿ ಗಿರಾಕಿಗಳಿಂದ ಬರಬೇಕಾದ ಬಾಕಿಯ ಸಾಲನ್ನು ನೋಡಿ. ಮಾರಾಟ ಶೇಕಡಾ 10 ಏರಿ ಬಾಕಿ ಶೇಕಡಾ 60 ಏರಿದ್ದರೆ ಕಥೆ ಅಲ್ಲಿದೆ: ಸರಕು ಹೋಗಿದೆ, ಬಿಲ್ಲು ಹೋಗಿದೆ, ದುಡ್ಡು ಬಂದಿಲ್ಲ. ಬೆಳೆಯುವ ಕಂಪನಿಗೆ ಒಂದು ವರ್ಷ ಹೀಗಾಗಬಹುದು, ತಪ್ಪೇನಿಲ್ಲ. ಐದು ವರ್ಷದ ಲಾಭವನ್ನು ಒಟ್ಟು ಕೂಡಿಸಿ, ಐದು ವರ್ಷದ ನಗದನ್ನು ಒಟ್ಟು ಕೂಡಿಸಿ, ಎರಡನ್ನೂ ಪಕ್ಕಪಕ್ಕ ಇಡಿ. ಅಲ್ಲೂ ಅಂತರ ದೊಡ್ಡದಾಗಿದ್ದರೆ ಆ ವರದಿಯನ್ನು ಮುಚ್ಚಿಡಬಹುದು.

ಇಷ್ಟೇ ಸಾಕೇ? ಸಾಲದು. ಅಮೆರಿಕದ ವರ್ಲ್ಡ್‌ಕಾಮ್ ಎಂಬ ದೂರವಾಣಿ ಕಂಪನಿಯ ಪ್ರಕರಣವನ್ನೇ ನೋಡಿ. ಬೇರೆ ಕಂಪನಿಗಳ ಲೈನು ಬಳಸಿದ್ದಕ್ಕೆ ಕೊಡುವ ದಿನನಿತ್ಯದ ಬಾಡಿಗೆ ಖರ್ಚನ್ನು ಅದು ಹೊಸ ಆಸ್ತಿ ಕೊಂಡಂತೆ ಬರೆದುಕೊಂಡಿತ್ತು. ಖರ್ಚು ಆಸ್ತಿಯಾದರೆ ಲಾಭವೂ ಉಬ್ಬುತ್ತದೆ, ವ್ಯವಹಾರದ ನಗದೂ ಉಬ್ಬುತ್ತದೆ! 2002ರ ಜೂನ್‌ನಲ್ಲಿ ಮೊದಲು ಹೊರಬಿದ್ದ ಮೊತ್ತವೇ 380 ಕೋಟಿ ಡಾಲರ್. ಮರುತಿಂಗಳೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಆದ್ದರಿಂದ ವ್ಯವಹಾರದ ನಗದಿನಲ್ಲಿ ಯಂತ್ರ, ಕಟ್ಟಡ, ಜಾಲಗಳಿಗೆ ಸುರಿದ ಹಣವನ್ನು ಕಳೆದು, ಉಳಿದದ್ದೇನು ಅಂತ ನೋಡಬೇಕು. ವರ್ಷವರ್ಷವೂ ಏನೂ ಉಳಿಯದೆ, ಸಾಲದ ಮೇಲೆ ಸಾಲ ಏರುತ್ತಿದ್ದರೆ, ಲಾಭದ ಅಂಕಿ ಎಷ್ಟು ಚೆನ್ನಾಗಿದ್ದರೂ ನಾನಂತೂ ಕೈಹಾಕುವುದಿಲ್ಲ.

ಒಟ್ಟು ಷೇರುಗಳ ಸಂಖ್ಯೆಯನ್ನೂ ಒಮ್ಮೆ ನೋಡಿಬಿಡಿ. ಲಾಭ ದುಪ್ಪಟ್ಟಾಗಿ, ಹೊಸ ಷೇರುಗಳನ್ನು ಬೇರೆಯವರಿಗೆ ಹಂಚಿ ಹಂಚಿ ಷೇರುಗಳ ಸಂಖ್ಯೆಯೂ ದುಪ್ಪಟ್ಟಾಗಿದ್ದರೆ ನಿಮ್ಮ ಪಾಲಿಗೆ ಹೆಚ್ಚಿಗೆ ಬಂದದ್ದು ಸೊನ್ನೆ.

ಇಷ್ಟೆಲ್ಲ ದಾಟಿ ಒಂದು ಒಳ್ಳೆಯ ಕಂಪನಿ ಸಿಕ್ಕಿತು ಅನ್ನೋಣ. ಜಾಣರೂ ಕೈ ಸುಟ್ಟುಕೊಳ್ಳುವುದು ಈ ಮುಂದಿನ ಹೆಜ್ಜೆಯಲ್ಲಿ, ಅಂದರೆ ಕೊಡುವ ಬೆಲೆಯಲ್ಲಿ. ಲೆಕ್ಕ ಸಣ್ಣದು. ಕಂಪನಿಯ ಲಾಭ ವರ್ಷಕ್ಕೆ ಶೇಕಡಾ 15ರಂತೆ ಬೆಳೆದರೆ ಐದು ವರ್ಷಕ್ಕೆ ಎರಡರಷ್ಟಾಗುತ್ತದೆ. ನೀವು ಕೊಂಡಾಗ ಬೆಲೆ ಲಾಭದ 40 ಪಟ್ಟು ಇತ್ತು. ಐದು ವರ್ಷದಲ್ಲಿ ಜನರ ಉತ್ಸಾಹ ತಣ್ಣಗಾಗಿ 20 ಪಟ್ಟಿಗೆ ಇಳಿಯಿತು. ಲಾಭ ಎರಡರಷ್ಟು, ಪಟ್ಟು ಅರ್ಧ. ಷೇರಿನ ಬೆಲೆ ಇದ್ದಲ್ಲೇ ಇದೆ. ಕಂಪನಿ ಮಾತು ಉಳಿಸಿಕೊಂಡಿತು, ನಿಮ್ಮ ಕೈಗೆ ಮಾತ್ರ ಏನೂ ಬರಲಿಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. 2000ದ ಮಾರ್ಚ್‌ನಲ್ಲಿ ಸಿಸ್ಕೊ ಸ್ವಲ್ಪ ಕಾಲ ಜಗತ್ತಿನ ಅತಿ ಬೆಲೆಬಾಳುವ ಕಂಪನಿಯಾಗಿತ್ತು. ಅಂತರ್ಜಾಲ ಬೆಳೆಯುತ್ತದೆ, ಅದಕ್ಕೆ ಬೇಕಾದ ಉಪಕರಣಗಳನ್ನು ಸಿಸ್ಕೊ ಮಾರುತ್ತದೆ ಎಂದು ನಂಬಿ ಕೊಂಡವರ ಊಹೆ ಅಕ್ಷರಶಃ ನಿಜವಾಯಿತು. ಮುಂದಿನ ಹತ್ತು ವರ್ಷದಲ್ಲಿ ಕಂಪನಿಯ ವಹಿವಾಟು ದುಪ್ಪಟ್ಟಾಯಿತು. ಷೇರಿನ ಬೆಲೆ ಮಾತ್ರ 2010ರಲ್ಲೂ ಹಳೆಯ ಗರಿಷ್ಠದ ಅರ್ಧವನ್ನೂ ಮುಟ್ಟಲಿಲ್ಲ. ಆ ಗರಿಷ್ಠಕ್ಕೆ ಮರಳಲು ಎರಡು ದಶಕ ದಾಟಬೇಕಾಯಿತು.

ಕೊಂಡ ದಿನವೇ ಒಂದು ಹಾಳೆಯಲ್ಲಿ ಐದಾರು ಸಾಲು ಬರೆದಿಡಿ: ಯಾಕೆ ಕೊಂಡೆ, ಯಾವ ಬೆಲೆಗೆ ಕೊಂಡೆ, ಏನಾದರೆ ಮಾರುತ್ತೇನೆ. "ಬೆಲೆ ಬಿದ್ದರೆ ಮಾರುತ್ತೇನೆ" ಎಂಬುದು ಕಾರಣವಲ್ಲ. "ಎರಡು ವರ್ಷ ಸತತವಾಗಿ ಗಿರಾಕಿಗಳು ಕಳಚಿಕೊಂಡರೆ", "ಸಾಲ ಮಾಡಿ ಸಂಬಂಧವಿಲ್ಲದ ಉದ್ಯಮ ಕೊಂಡರೆ", ಇವು ಕಾರಣಗಳು. ಅಮೆಜಾನ್ ಷೇರು 1999ರ ಕೊನೆಯಿಂದ 2001ರ ಶರತ್ಕಾಲದೊಳಗೆ ಶೇಕಡಾ 90ಕ್ಕಿಂತ ಹೆಚ್ಚು ಬಿತ್ತು. ಅದೇ ಹೊತ್ತಿನಲ್ಲಿ ಹಾಗೇ ಬಿದ್ದ ಎಷ್ಟೋ ಅಂತರ್ಜಾಲ ಕಂಪನಿಗಳು ಮತ್ತೆ ಏಳಲೇ ಇಲ್ಲ. ಬೆಲೆಯ ನಕ್ಷೆಯಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಮಾರಾಟ ಏರುತ್ತಿದೆಯೇ, ಕೈಯಲ್ಲಿರುವ ನಗದು ಎಷ್ಟು ತಿಂಗಳಿಗೆ ಸಾಕು, ಇವನ್ನು ಕೆದಕಿದವರಿಗೆ ಮಾತ್ರ ವ್ಯತ್ಯಾಸ ಕಾಣುವ ಅವಕಾಶವಿತ್ತು. ಅವರಿಗೂ ಖಾತರಿ ಇರಲಿಲ್ಲ ಅನ್ನಿ.

ಹಾಳೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಟೆರೆನ್ಸ್ ಓಡೀನ್ ಎಂಬ ಸಂಶೋಧಕರ ಬಳಿ ಅಂಕಿ ಇದೆ. ಹತ್ತು ಸಾವಿರ ಖಾತೆಗಳನ್ನು ನೋಡಿ 1998ರಲ್ಲಿ ಅವರು ಬರೆದದ್ದು ಇದು: ಜನ ಏರಿದ್ದನ್ನು ಬೇಗ ಮಾರುತ್ತಾರೆ, ಬಿದ್ದದ್ದನ್ನು ಅಪ್ಪಿಕೊಂಡು ಕೂರುತ್ತಾರೆ. ಹಾಗೆ ಮಾರಿದ ಷೇರುಗಳು ಮುಂದಿನ ವರ್ಷ, ಇಟ್ಟುಕೊಂಡ ಷೇರುಗಳಿಗಿಂತ ಸರಾಸರಿ ಶೇಕಡಾ 3.4ರಷ್ಟು ಹೆಚ್ಚು ಗಳಿಸಿದವು. ಅದೇ ಓಡೀನ್ ಮತ್ತು ಬ್ರಾಡ್ ಬಾರ್ಬರ್ 66,465 ಕುಟುಂಬಗಳ 1991ರಿಂದ 1996ರವರೆಗಿನ ವ್ಯವಹಾರ ನೋಡಿದಾಗ, ಅತಿ ಹೆಚ್ಚು ಕೊಂಡು-ಮಾರಿದವರಿಗೆ ವರ್ಷಕ್ಕೆ ಸಿಕ್ಕಿದ್ದು ಶೇಕಡಾ 11.4. ಪೇಟೆ ಕೊಟ್ಟದ್ದು 17.9.

ನೀವು ಕೆಲಸ ಮಾಡುವ ಕಂಪನಿಯ ಷೇರು ನಿಮಗೆ ಚೆನ್ನಾಗಿ ಗೊತ್ತು ಅನ್ನಿಸಬಹುದು. ಅಮೆರಿಕದ ಎನ್ರಾನ್ ಎಂಬ ಇಂಧನ ಕಂಪನಿಯ ನೌಕರರಿಗೂ ಹಾಗೇ ಅನ್ನಿಸಿತ್ತು. ಅವರ ನಿವೃತ್ತಿ ನಿಧಿಯ ಅರ್ಧಕ್ಕಿಂತ ಹೆಚ್ಚು ಹಣ ಎನ್ರಾನ್ ಷೇರಿನಲ್ಲೇ ಇತ್ತು. 2001ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಎದ್ದಾಗ ಸಾವಿರಾರು ಜನರ ಸಂಬಳ, ಉಳಿತಾಯ ಎರಡೂ ಒಟ್ಟಿಗೇ ಹೋದವು. ಸಂಬಳ ಬರುವ ಕಡೆ ಷೇರು ಕಡಿಮೆ ಇರಲಿ.

ಕೊನೆಯದಾಗಿ ಒಂದು ಸಿಹಿ ತೊಂದರೆ. ಹತ್ತು ಷೇರಿಗೆ ಸಮಪಾಲು ಹಾಕಿದ್ದೀರಿ. ಒಂಬತ್ತು ಇದ್ದಲ್ಲೇ ಇವೆ, ಒಂದು ಹತ್ತು ಪಟ್ಟಾಗಿದೆ. ನೂರಿದ್ದದ್ದು 190 ಆಯಿತು, ಅದರಲ್ಲಿ ನೂರು ಆ ಒಂದೇ ಷೇರಿನದು. ಮಾರಬೇಕೇ? ಆ ಶೇಕಡಾ 4ರ ಗುಂಪಿನದು ಸಿಕ್ಕಿದ್ದರೆ ಎರಡು ಪಟ್ಟಾದಾಗಲೇ ಮಾರಿ ಕೈತೊಳೆದುಕೊಳ್ಳುವುದು ದುಬಾರಿ. ಅದೇ ನಾಳೆ ಅರ್ಧಕ್ಕಿಳಿದರೆ ಮಕ್ಕಳ ಓದೋ ಮನೆಯ ಕಂತೋ ನಿಲ್ಲುವಂತಿದ್ದರೆ ಒಂದಿಷ್ಟೂ ಮಾರದಿರುವುದೂ ತಪ್ಪು. ಆ ಖರ್ಚಿಗೆ ಬೇಕಾದಷ್ಟನ್ನು ಮಾರಿ ಬೇರೆ ಕಡೆ ಇಡಿ. ಮಿಕ್ಕದ್ದನ್ನು ಇಟ್ಟುಕೊಂಡು, ಈ ವರ್ಷದ ವರದಿ ಬಂದಾಗ ಮತ್ತೆ ಆ ನಗದು ಹರಿವಿನ ಪುಟದಿಂದಲೇ ಶುರು ಮಾಡಿ.

ನಮಸ್ಕಾರ.