ಹಳೇಬೀಡಿನಲ್ಲಿ ತುಂಬಿದ ಗೋಡೆ, ಬರಿಯ ಗೋಡೆ

ಈ ವಿಡಿಯೊದಲ್ಲಿ ಈಗ ನೀವು ನೋಡುತ್ತಿರುವುದು ಹೊಯ್ಸಳೇಶ್ವರ ದೇವಾಲಯದ ಹೊರಗೋಡೆ. ಕೆಳಗಿನ ಆನೆಗಳ ಸಾಲಿನಿಂದ ಹಿಡಿದು ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಮಕರ, ಹಂಸ ಎಲ್ಲವೂ ಮುಗಿದ ಮೇಲೆಯೇ ದೊಡ್ಡ ವಿಗ್ರಹಗಳು ಆರಂಭವಾಗುತ್ತವೆ. 1121ರ ಸುಮಾರಿಗೆ ಕೆಲಸ ಶುರುವಾದ ಈ ಗುಡಿಯ ಗೋಡೆಯಲ್ಲಿ ಅಂಗೈಯಗಲದ ಖಾಲಿ ಜಾಗ ಹುಡುಕುವುದೂ ಕಷ್ಟ. ನೇರವಾಗಿ ಹೇಳುವುದಾದರೆ, ನನಗೆ ಇದು ಅತಿಯಾಯಿತು ಎನಿಸಿತು.

ದೃಶ್ಯ ಪದೇ ಪದೇ ಮಬ್ಬಾಗುತ್ತಿರುವುದಕ್ಕೂ ಈ ಗೋಡೆಯೇ ಕಾರಣ. ನನ್ನ ಫೋನಿನ ಕ್ಯಾಮೆರಾ ಮುಖವನ್ನು ಗುರುತಿಸಿ ಫೋಕಸ್ ಮಾಡುತ್ತದೆ. ಇಲ್ಲಿ ಅದಕ್ಕೆ ಸಿಕ್ಕಿದ್ದು ಮುಖಗಳ ಜಾತ್ರೆ. ಎದುರಿಗೇ ನಿಂತು ಮಾತನಾಡುತ್ತಿದ್ದ ನನ್ನನ್ನು ಬಿಟ್ಟು ಆ ಹಳದಿ ಚೌಕವು ಒಮ್ಮೆ ನರ್ತಕಿಯ ಮೇಲೆ, ಮರುಕ್ಷಣ ದ್ವಾರಪಾಲಕನ ಮೇಲೆ ಕೂರುತ್ತಿತ್ತು. ಲೆನ್ಸ್ ಒರೆಸಿದ್ದಾಯಿತು, ಫೋನನ್ನು ಆರಿಸಿ ಹಚ್ಚಿದ್ದಾಯಿತು, ಬಿಸಿಲಿಗೆ ಕಾದ ಜಗತಿಯ (ಗುಡಿ ನಿಂತಿರುವ ಕಲ್ಲಿನ ಕಟ್ಟೆಯ) ಮೇಲೆ ಬರಿಗಾಲಲ್ಲಿ ಕುಣಿದದ್ದೂ ಆಯಿತು. ಕೊನೆಗೆ ಸಿಟ್ಟಿನಿಂದ ಫೋಕಸ್ ಲಾಕ್ ಮಾಡಿ ಗೋಡೆಯ ಹತ್ತಿರಕ್ಕೆ ಒಯ್ದಾಗ, ಮದ್ದಳೆ ಬಾರಿಸುವವನೊಬ್ಬನ ಬೆರಳಿನ ಉಂಗುರ ಕಂಡಿತು. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದ ಇಂತಹ ಕುಸುರಿ ಸಾಧ್ಯವಾಗಿದೆ. ಅತಿಯಾಯಿತು ಎಂದ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ: ದೂರ ನಿಂತು ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಗೋಡೆ ಇದಲ್ಲ, ಪ್ರದಕ್ಷಿಣೆ ಹಾಕುತ್ತ ಓದಬೇಕಾದದ್ದು.

ಇದು ಸಮೀಪದಲ್ಲೇ ಇರುವ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ್ದು. ಅದೇ ಕಾಲ, ಅದೇ ಬಗೆಯ ಕಲ್ಲು, ಆದರೆ ಹೊರಗೋಡೆಯಲ್ಲಿ ಒಂದು ಆನೆಯೂ ಇಲ್ಲ. ಪ್ರವಾಸಿ ಬಸ್ಸುಗಳು ಇತ್ತ ತಿರುಗದಿರುವುದಕ್ಕೆ ಈ ಬರಿಯ ಗೋಡೆಯೇ ಕಾರಣವಿರಬೇಕು, ನಷ್ಟ ಅವರದು.

ಒಳಗಿನ ತಿರುಗಣೆ ಕಂಬಗಳನ್ನು, ಅಂದರೆ ಕಲ್ಲನ್ನು ತಿರುಗಿಸುತ್ತ ಕಡೆದ ಕಂಬಗಳನ್ನು ನೋಡಿ. ಕಂಬದ ಮುಂದೆ ಬೆರಳು ಆಡಿಸಿದರೆ ಕಲ್ಲಿನೊಳಗೂ ಬೆರಳು ಆಡುತ್ತದೆ. ಇದನ್ನು ಸರಳವೆಂದು ಕರೆಯಲು ನನಗೆ ಮನಸ್ಸಿಲ್ಲ. ಬಳ್ಳಿಯ ಕೆತ್ತನೆಯಲ್ಲಿ ಉಳಿಯೇಟೊಂದು ತಪ್ಪಿದರೆ ಇನ್ನೊಂದು ಎಲೆ ಮೂಡಿಸಿ ಮರೆಸಬಹುದು. ಈ ನುಣುಪಿನಲ್ಲಿ ಒಂದು ಗೀರು ಬಿದ್ದರೂ ಬಾಗಿಲಿನಿಂದಲೇ ಕಾಣುತ್ತದೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನನ್ನ ಮತ ಈ ಕಂಬಕ್ಕೇ.

ಆದರೆ ಸರಳತೆಯ ಪರ ವಾದಿಸುವವರು ಇಲ್ಲಿ ತಲೆ ಎತ್ತದಿರುವುದು ಕ್ಷೇಮ, ಏಕೆಂದರೆ ಮೇಲಿನ ಚಾವಣಿಯಲ್ಲಿ ಶಿಲ್ಪಿಗಳು ತಮ್ಮ ಹಳೆಯ ಚಟವನ್ನು ಸಂಪೂರ್ಣವಾಗಿ ತೀರಿಸಿಕೊಂಡಿದ್ದಾರೆ. ಬೆಳಕು ಇಳಿಯುತ್ತಿದೆ, ಅದೊಂದನ್ನು ತೋರಿಸಿಬಿಡುತ್ತೇನೆ.