ಗಂಡಸ್ರಿಗೆ ಉರಿಮೂತ್ರ ಬಂದ್ರೆ ಮಾತ್ರೆಗಿಂತ ಮುಂಚೆ ಯೂರಿನ್ ಕಲ್ಚರ್ ಟೆಸ್ಟ್ ಮಾಡ್ಸಿ

ನಮಸ್ಕಾರ. ಇವತ್ತಿನ ವಿಷ್ಯ ಕೇಳಿ ಕೆಲವ್ರು ಇಯರ್‌ಫೋನ್ ಹುಡುಕ್ತೀರ, ಹುಡುಕ್ಕೊಳ್ಳಿ, ಕಾಯ್ತೀನಿ. ಉರಿಮೂತ್ರ. ಅದೂ ಗಂಡಸ್ರದ್ದು.

ನಮ್ ಕಡೆ ಇದಕ್ಕೆ ಮನೇಲೇ ಉತ್ತರ ರೆಡಿ ಇರತ್ತೆ, ಉಷ್ಣ ಆಗಿದೆ ಕಣೋ, ಎಳನೀರು ಕುಡಿ, ಬಾರ್ಲಿ ನೀರು ಕುಡಿ, ಹೊಕ್ಕಳಿಗೆ ಹರಳೆಣ್ಣೆ ಹಚ್ಚು ಅಂತ. ಅದಕ್ಕೂ ಬಗ್ಗಲಿಲ್ವಾ, ಮೆಡಿಕಲ್ ಸ್ಟೋರ್‌ಗೆ ಹೋಗಿ, ಪಕ್ಕದಲ್ಲಿ ಹೆಂಗಸ್ರು ಯಾರೂ ಇಲ್ಲ ಅಂತ ನೋಡ್ಕೊಂಡು, ದನಿ ಇಳ್ಸಿ "ಉರೀತಿದೆ, ಏನಾದ್ರೂ ಕೊಡಿ" ಅಂದ್ರೆ ಅವ್ರು ಮೂರ್ನಾಲ್ಕು ಆಂಟಿಬಯಾಟಿಕ್ ಮಾತ್ರೆ ಕತ್ರಿಸಿ ಕೊಡ್ತಾರೆ, ಎರಡು ದಿನಕ್ಕೆ ಉರಿ ಕಮ್ಮಿ ಆಗತ್ತೆ, ಮಿಕ್ಕಿದ್ದು ಡ್ರಾಯರ್‌ಗೆ. ತಿಂಗಳು ಬಿಟ್ಟು ಮತ್ತೆ ಅದೇ ಕಥೆ.

ನನ್ ತಕರಾರು ಇಷ್ಟೇ. ಹೆಂಗಸ್ರಲ್ಲಿ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಸ್ರಲ್ಲಿ ಹತ್ರಹತ್ರ 20. ಕರುಳಲ್ಲಿರೋ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಅಷ್ಟು ದೂರ ಹತ್ತಿ ಒಳಗೆ ಕೂತಿದೆ ಅಂದ್ರೆ ಯಾಕೆ ಅಂತ ಕೇಳ್ಬೇಕಲ್ವಾ? ಐವತ್ತು ದಾಟಿದೋರಲ್ಲಿ ಎಷ್ಟೋ ಸಲ ಮೂತ್ರಚೀಲದ ಕೆಳಗಿರೋ ಪ್ರಾಸ್ಟೇಟ್ ಅನ್ನೋ ಗ್ರಂಥಿ ದಪ್ಪ ಆಗಿ ಮೂತ್ರ ಪೂರ್ತಿ ಖಾಲಿನೇ ಆಗ್ತಿರಲ್ಲ, ನಿಂತ ಮೂತ್ರದಲ್ಲಿ ಅದು ಆರಾಮಾಗಿ ಬೆಳೆಯತ್ತೆ. ಇಲ್ಲಾಂದ್ರೆ ಕಲ್ಲು ಇರ್ಬಹುದು, ಶುಗರ್ ಇರ್ಬಹುದು, ಈಚೆಗೆ ಆಸ್ಪತ್ರೇಲಿ ಮೂತ್ರ ಹೋಗಕ್ಕೆ ಕ್ಯಾಥೆಟರ್ ಅನ್ನೋ ಟ್ಯೂಬ್ ಹಾಕಿರ್ಬಹುದು. ಹುಡುಗ್ರಲ್ಲಿ ಉರಿ ಜೊತೆ ಕೀವಿನ ಥರ ಏನಾದ್ರೂ ಬರ್ತಿದ್ರೆ ಲೈಂಗಿಕ ಸಂಪರ್ಕದಿಂದ ಹರಡೋ ಗೊನೋರಿಯಾನೋ ಕ್ಲಮೈಡಿಯಾನೋ ಇರ್ಬಹುದು, ಅದರ ಟೆಸ್ಟೇ ಬೇರೆ, ಸಂಗಾತಿಗೂ ಟ್ರೀಟ್‌ಮೆಂಟ್ ಬೇಕು. ಇದನ್ನೆಲ್ಲ ಕೌಂಟರ್ ಆಚೆ ನಿಂತಿರೋರು ಮುಖ ನೋಡಿ ಹೇಳಕ್ಕಾಗತ್ತಾ?

ಇನ್ನೊಂದು, ಸೋಂಕು ಪ್ರಾಸ್ಟೇಟ್‌ಗೆ ಇಳಿದಿದ್ರೆ ಎಲ್ಲಾ ಮಾತ್ರೆನೂ ಅಲ್ಲಿಗೆ ಸರಿಯಾಗಿ ಹೋಗಲ್ಲ. ಯೂರಿನ್ ಇನ್ಫೆಕ್ಷನ್‌ಗೆ ತುಂಬಾ ಬರೆಯೋ ನೈಟ್ರೋಫ್ಯುರಾಂಟಾಯಿನ್ ಕೂಡ ಅಲ್ಲಿ ಕೆಲ್ಸಕ್ಕೆ ಬರಲ್ಲ. ಅಲ್ಲಿಗೆ ಚೆನ್ನಾಗಿ ಹೋಗೋ ಸಿಪ್ರೋಫ್ಲೋಕ್ಸಾಸಿನ್ ಥರದ್ದಕ್ಕೆ ನಮ್ ದೇಶದ ಇ. ಕೋಲೈ ಬಹಳಷ್ಟು ಕಡೆ ಬಗ್ಗೋದೇ ಇಲ್ಲ, ಯಾಕಂದ್ರೆ ಹೀಗೇ ಕತ್ರಿಸಿ ಕತ್ರಿಸಿ ತಿಂದಿದೀವಿ.

ಅದಕ್ಕೇ ಯೂರಿನ್ ಕಲ್ಚರ್ ಅನ್ನೋದು, ಅಂದ್ರೆ ಮೂತ್ರದಲ್ಲಿರೋ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋ ಟೆಸ್ಟ್. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಸಾಯತ್ತೆ ಅಂತ ಹೇಳತ್ತೆ. ರಿಪೋರ್ಟ್‌ಗೆ ಎರಡ್ಮೂರು ದಿನ ಬೇಕು, ಆದ್ರೆ ಸ್ಯಾಂಪಲ್ ಕೊಟ್ಟ ತಕ್ಷಣ ಡಾಕ್ಟ್ರು ಮಾತ್ರೆ ಶುರು ಮಾಡ್ಬಹುದು, ಕಾಯ್ಬೇಕಿಲ್ಲ. ಮೊದಲು ಸ್ವಲ್ಪ ಬಿಟ್ಟು ಮಧ್ಯದ್ದು ಹಿಡೀರಿ, ಬೇಗ ಲ್ಯಾಬ್‌ಗೆ ಕೊಡಿ. ಮಾತ್ರೆ ತಿಂದ್ಮೇಲೆ ಕೊಟ್ರೆ ಏನೂ ಬೆಳೆಯದೆ ಇರ್ಬಹುದು, ದುಡ್ಡು ದಂಡ.

ಚಳಿಜ್ವರ, ಬೆನ್ನಿನ ಪಕ್ಕೆ ನೋವು ಇದ್ರೆ ಅವತ್ತೇ ಹೋಗಿ. ಮೂತ್ರ ಪೂರ್ತಿ ಕಟ್ಕೊಂಡ್ರೆ ಸೀದಾ ಎಮರ್ಜೆನ್ಸಿಗೆ.

ಹಾಂ, ಸೋಂಕು ಇರುವಾಗ್ಲೇ ಹೆಲ್ತ್ ಪ್ಯಾಕೇಜ್ ಅಂತ ಪಿಎಸ್ಎ ಅನ್ನೋ ಪ್ರಾಸ್ಟೇಟ್‌ನ ರಕ್ತ ಪರೀಕ್ಷೆ ಮಾಡ್ಸಿ ಕ್ಯಾನ್ಸರ್ ಅಂತ ಹೆದರ್ಕೋಬೇಡಿ, ಸೋಂಕಿಗೂ ಅದು ಏರತ್ತೆ, ವಾಸಿಯಾಗಿ ಕೆಲವು ವಾರ ಬಿಟ್ಟು ಡಾಕ್ಟ್ರನ್ನ ಕೇಳಿ ಮಾಡ್ಸಿ.