ಹುಳಿ ದ್ರಾಕ್ಷಿ ತಿಂದವರು ಯಾರು, ಹಲ್ಲು ಜುಮ್ಮೆಂದಿದ್ದು ಯಾರಿಗೆ?

(ಪರದೆ ಕತ್ತಲು. ಒಂದು ಹಕ್ಕಿ ಗರಿ, ತೀರಾ ಹತ್ತಿರದಿಂದ.)

ಸ್ವಿಟ್ಜರ್ಲೆಂಡಿನ ಬರ್ನ್ ಸೀಮೆಯಲ್ಲಿ ಓಬರ್‌ಬ್ಯೂರನ್ ಅಂತ ಒಂದು ಜಾಗ ಇದೆ. ಐನೂರು ವರ್ಷದ ಹಿಂದೆ ಅಲ್ಲಿ ಯೇಸುವಿನ ತಾಯಿ ಮರಿಯಳ ಹೆಸರಿನ ಒಂದು ಚರ್ಚ್ ಇತ್ತು. ಹುಟ್ಟುವಾಗಲೇ ತೀರಿಹೋದ ಕೂಸುಗಳನ್ನು ಜನ ದೂರದೂರದಿಂದ ಅಲ್ಲಿಗೆ ಹೊತ್ತು ತರುತ್ತಿದ್ದರು. ಅಲ್ಲಿದ್ದ ಹೆಂಗಸರು ಆ ಪುಟ್ಟ ಮೈಯನ್ನು ಕೆಂಡದ ಹತ್ತಿರ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಸುತ್ತ ದೀಪ ಹಚ್ಚುತ್ತಿದ್ದರು. ಆಮೇಲೆ ತುಟಿಯ ಮೇಲೆ ಒಂದು ಗರಿ ಇಟ್ಟು ಕಾಯುತ್ತಿದ್ದರು.

ಗರಿ ಒಂಚೂರು ಅಲುಗಿದರೆ ಸಾಕು. ಉಸಿರು ಬಂತು, ಮಗು ಬದುಕಿತು! ತಕ್ಷಣ ತಲೆಗೆ ನೀರು ಹಾಕಿ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿ, ಮುಗಿಸುತ್ತಿದ್ದರು. ಮಗು ಮತ್ತೆ ಸತ್ತಿದೆ ಅಂತ ಒಪ್ಪಿಕೊಂಡು, ಅಲ್ಲೇ ಪವಿತ್ರ ನೆಲದಲ್ಲಿ ಮಣ್ಣು ಮಾಡುತ್ತಿದ್ದರು.

ಕೆಂಡ, ದೀಪ ಎಲ್ಲ ಇರುವ ಕಡೆ ಬಿಸಿಗಾಳಿಗೆ ಗರಿ ಅಲುಗದೆ ಇರುತ್ತಾ? ಆ ಚರ್ಚ್ ಯಾರ ಅಧಿಕಾರದಲ್ಲಿತ್ತೋ ಆ ಕಾನ್‌ಸ್ಟಾನ್ಸ್‌ನ ಬಿಷಪ್ಪರಿಗೂ ಇದೇ ಅನುಮಾನ ಬಂತು. 1486ರಲ್ಲಿ ಅವರು ಈ ಗರಿಯ ವಿಷಯ ಬರೆದು ಪೋಪರಿಗೇ ದೂರು ಕೊಟ್ಟರು. 1528ರಲ್ಲಿ ಬರ್ನ್ ಪ್ರೊಟೆಸ್ಟೆಂಟ್ ಪಕ್ಷಕ್ಕೆ ಹೋದ ಮೇಲೆ ಈ ಪದ್ಧತಿಯೇ ನಿಂತುಹೋಯಿತು. 1990ರ ದಶಕದಲ್ಲಿ ಅಲ್ಲಿ ಅಗೆದಾಗ ಸುಮಾರು 250 ಹಸುಗೂಸುಗಳ ಮೂಳೆಗಳು ಸಿಕ್ಕವು.

ಆ ಅಪ್ಪ ಅಮ್ಮಂದಿರು ಪೆದ್ದರಲ್ಲ. ಮಗು ಹೋಗಿದೆ ಅಂತ ಅವರಿಗೂ ಗೊತ್ತಿತ್ತು. ಅವರಿಗೆ ಇದ್ದ ಹೆದರಿಕೆ ಬೇರೆ. ದೀಕ್ಷಾಸ್ನಾನ ಆಗದೆ ಸತ್ತ ಮಗುವಿಗೆ ಸ್ವರ್ಗದ ಬಾಗಿಲು ತೆರೆಯುವುದಿಲ್ಲ ಅಂತ ಅವರಿಗೆ ಹೇಳಿಕೊಟ್ಟಿದ್ದರು.

ಕಣ್ಣೇ ಬಿಡದ ಮಗು ಅದೇನು ತಪ್ಪು ಮಾಡಿತ್ತು?

(ಶೀರ್ಷಿಕೆ. ನಿರೂಪಕ ಪರದೆಗೆ.)

ನಮಸ್ಕಾರ. ಇವತ್ತಿನ ಮಾತು ಜನ್ಮಪಾಪದ ಬಗ್ಗೆ. ಮೊದಲ ಮನುಷ್ಯ ಮಾಡಿದ ತಪ್ಪು ಅವನ ಸಂತಾನಕ್ಕೆಲ್ಲ ಅಂಟಿದೆ ಅನ್ನುವ ಬೋಧನೆ ಇದು. ಇದು ನ್ಯಾಯವಾ? ತರ್ಕಕ್ಕೆ ನಿಲ್ಲುತ್ತಾ? ಈ ಪ್ರಶ್ನೆಯನ್ನು ನಾನು ಹೊರಗಿಂದ ತಂದು ಹಾಕುತ್ತಿಲ್ಲ. ಬೈಬಲಿನ ಒಳಗೇ ಈ ಜಗಳ ಇದೆ, ಅದನ್ನೇ ತೋರಿಸುತ್ತೇನೆ.

ಮೊದಲು ಬೈಬಲಿನ ಮೊದಲ ಪುಸ್ತಕ ಆದಿಕಾಂಡ ತೆಗೆಯೋಣ. ಎರಡು ಮತ್ತು ಮೂರನೇ ಅಧ್ಯಾಯ. ಕಥೆ ಎಲ್ಲರಿಗೂ ಗೊತ್ತು: ಏದೆನ್ ತೋಟ, ಆದಾಮ, ಹವ್ವ, ಹಾವು, ದೇವರು ತಿನ್ನಬೇಡಿ ಅಂದಿದ್ದ ಹಣ್ಣು. ಆದರೆ ಮರದ ಹೆಸರನ್ನು ಸ್ವಲ್ಪ ನಿಧಾನವಾಗಿ ಓದಿ. ಅದು ಒಳ್ಳೆಯದು ಕೆಟ್ಟದ್ದರ ಅರಿವು ಕೊಡುವ ಮರ. ಅಂದರೆ ಹಣ್ಣು ತಿನ್ನುವ ಮೊದಲು ಅವರಿಬ್ಬರಿಗೂ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಗೊತ್ತಿರಲಿಲ್ಲ. ಮಾತು ಮೀರುವುದು ಕೆಟ್ಟದ್ದು ಅಂತ ತಿಳಿಯಬೇಕಾದರೂ ಅದೇ ಹಣ್ಣು ತಿನ್ನಬೇಕು! ಎರಡು ವರ್ಷದ ಮಗು ಸ್ಟೌ ಮುಟ್ಟಿದರೆ ನಾವು ಬೈಯಬಹುದು. ಅದನ್ನು ಮನೆಯಿಂದ ಹೊರಗೆ ಹಾಕಿ, ಅದರ ಮೊಮ್ಮಕ್ಕಳ ಹೆಸರಲ್ಲೂ ಕೇಸು ಬರೆದಿಡುತ್ತೇವಾ?

ಇನ್ನೊಂದು. ತಿಂದ ದಿನವೇ ಸಾಯುತ್ತೀ ಅಂತ ದೇವರು ಹೇಳಿದ್ದರು. ಐದನೇ ಅಧ್ಯಾಯದಲ್ಲಿ ನೋಡಿದರೆ ಆದಾಮ ಬದುಕಿದ್ದು 930 ವರ್ಷ. ಅದು ಆತ್ಮದ ಸಾವು, ದೇಹದ್ದಲ್ಲ ಅಂತ ವಿಶ್ವಾಸಿಗಳು ವಿವರಿಸುತ್ತಾರೆ. ಅರಿವು ಇಲ್ಲದಿದ್ದರೂ ಆಜ್ಞೆ ಸ್ಪಷ್ಟವಾಗಿತ್ತು, ನಂಬಿಕೆ ಇಟ್ಟಿದ್ದರೆ ಸಾಕಿತ್ತು ಅಂತಲೂ ಹೇಳುತ್ತಾರೆ. ಆ ಉತ್ತರ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಆದರೆ ನನಗೆ ಅದಕ್ಕಿಂತ ಜಾಸ್ತಿ ಕಣ್ಣಿಗೆ ಬಿದ್ದದ್ದು ಬೇರೆ. ಮೂರನೇ ಅಧ್ಯಾಯದಲ್ಲಿ ಎಲ್ಲೂ 'ಪಾಪ' ಅನ್ನುವ ಪದವೇ ಇಲ್ಲ. ಅದು ಮೊದಲು ಬರುವುದು ನಾಲ್ಕನೇ ಅಧ್ಯಾಯದಲ್ಲಿ, ಆದಾಮನ ಮಗ ಕಾಯಿನ ತನ್ನ ತಮ್ಮನನ್ನು ಕೊಲ್ಲುವ ಮುಂಚೆ. ಹೆರಿಗೆ ನೋವು, ಮುಳ್ಳು, ಬೆವರು, ಕೊನೆಗೆ ಮಣ್ಣು: ಇವೆಲ್ಲ ಮೂರನೇ ಅಧ್ಯಾಯದಲ್ಲಿ ಇವೆ. ನಿಮ್ಮ ಮಕ್ಕಳೆಲ್ಲ ಅಪರಾಧಿಗಳಾಗಿ ಹುಟ್ಟುತ್ತಾರೆ ಅನ್ನುವ ಮಾತು ಇಲ್ಲ. ಇದೇ ಕಥೆಯನ್ನು ಸಾವಿರಾರು ವರ್ಷದಿಂದ ಓದುತ್ತಾ ಬಂದ ಯಹೂದಿಗಳು ಇದರಿಂದ ಜನ್ಮಪಾಪದ ಸಿದ್ಧಾಂತ ಮಾಡಿಕೊಳ್ಳಲಿಲ್ಲ.

ಹಾಗಾದರೆ ಅಪ್ಪನ ತಪ್ಪಿಗೆ ಮಕ್ಕಳಿಗೆ ಶಿಕ್ಷೆ ಅನ್ನುವುದು ಬೈಬಲಿನಲ್ಲಿ ಇಲ್ಲವೇ ಇಲ್ಲವಾ? ಇದೆ. ಗಟ್ಟಿಯಾಗಿಯೇ ಇದೆ.

(ಪರದೆ ಮೇಲೆ: ವಿಮೋಚನಕಾಂಡ 20:5)

ಹತ್ತು ಆಜ್ಞೆಗಳ ನಡುವೆಯೇ ಬರುತ್ತದೆ. ತಂದೆಗಳ ದೋಷದ ಫಲವನ್ನು ಮಕ್ಕಳ ಮೇಲೆ, ಮೂರು ನಾಲ್ಕು ತಲೆಮಾರಿನ ತನಕ ಬರಮಾಡುವೆ ಅಂತ. ಇದಕ್ಕೆ ಒಂದು ಸಮಜಾಯಿಷಿ ಇದೆ. ಆ ಕಾಲದಲ್ಲಿ ಮೂರು ನಾಲ್ಕು ತಲೆಮಾರು ಒಂದೇ ಸೂರಿನಡಿ ಇರುತ್ತಿದ್ದವು, ಯಜಮಾನ ಕೆಟ್ಟರೆ ಮನೆಯೇ ಕೆಡುತ್ತದೆ, ಅದನ್ನೇ ಹೇಳಿದ್ದು ಅಂತ. ಸರಿ, ಕುಡುಕ ಅಪ್ಪನ ಮಕ್ಕಳು ಉಪವಾಸ ಬೀಳುವುದನ್ನು ನಾವೂ ನೋಡಿದ್ದೇವೆ. ಆದರೆ ಅದು ಪರಿಣಾಮ. ಶಿಕ್ಷೆ ಬೇರೆ. ಬೈಬಲಿನ ಕೆಲವು ಕಥೆಗಳಲ್ಲಿ ಅದು ನೇರ ಶಿಕ್ಷೆಯೇ.

ದಾವೀದ ರಾಜ ಇನ್ನೊಬ್ಬನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ. ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಉಪಾಯವಾಗಿ ಕೊಲ್ಲಿಸಿದ. ಪ್ರವಾದಿ ನಾತಾನ ಬಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ. ದಾವೀದ ತಪ್ಪು ಒಪ್ಪಿಕೊಳ್ಳುತ್ತಾನೆ. ಆಗ ಬರುವ ತೀರ್ಪು ನೋಡಿ: ನಿನ್ನ ಪಾಪ ಕ್ಷಮೆಯಾಯಿತು, ನೀನು ಸಾಯುವುದಿಲ್ಲ, ಆದರೆ ನಿನಗೆ ಹುಟ್ಟಿದ ಮಗು ಸಾಯುತ್ತದೆ. ಏಳನೇ ದಿನ ಮಗು ಸಾಯುತ್ತದೆ. ಕೊಲೆ ಮಾಡಿಸಿದವನಿಗೆ ಕ್ಷಮೆ, ಕೂಸಿಗೆ ಸಾವು.

ಇದಕ್ಕಿಂತಲೂ ಕಲಕುವ ಕಥೆ ಸಮುವೇಲನ ಎರಡನೇ ಪುಸ್ತಕದ 21ನೇ ಅಧ್ಯಾಯದ್ದು. ಭಾನುವಾರದ ಪ್ರಸಂಗದಲ್ಲಿ ಇದು ಬರುವುದು ಅಪರೂಪ ಅಂತ ನನ್ನ ಅಂದಾಜು.

ದೇಶದಲ್ಲಿ ಮೂರು ವರ್ಷ ಬರ. ಯಾಕೆ ಅಂತ ಕೇಳಿದರೆ, ಹಿಂದಿನ ರಾಜ ಸೌಲ ಗಿಬ್ಯೋನಿನ ಜನರನ್ನು ಕೊಂದ ಪಾಪ ಅನ್ನುವ ಉತ್ತರ. ಸೌಲ ಆಗಲೇ ಸತ್ತಾಗಿದೆ. ಗಿಬ್ಯೋನಿನವರು ಅವನ ವಂಶದ ಏಳು ಜನರನ್ನು ಕೇಳುತ್ತಾರೆ. ದಾವೀದ ಕೊಡುತ್ತಾನೆ. ಇಬ್ಬರು ಗಂಡುಮಕ್ಕಳು, ಐದು ಮೊಮ್ಮಕ್ಕಳು. ಜವೆಗೋದಿ ಕೊಯ್ಲು ಶುರುವಾಗುವ ದಿನಗಳಲ್ಲಿ ಗುಡ್ಡದ ಮೇಲೆ ಏಳೂ ಜನರನ್ನು ಕೊಂದು ಹಾಗೇ ಬಿಡುತ್ತಾರೆ.

ಆ ಇಬ್ಬರು ಗಂಡುಮಕ್ಕಳ ತಾಯಿ ರಿಚ್ಪ. ಅವಳು ಒಂದು ಗೋಣಿತಟ್ಟು ತಂದು ಬಂಡೆಯ ಮೇಲೆ ಹಾಸುತ್ತಾಳೆ. ಅಲ್ಲೇ ಕೂರುತ್ತಾಳೆ. ಹಗಲು ಹದ್ದು ಕಾಗೆ ಇಳಿಯದ ಹಾಗೆ ಓಡಿಸುತ್ತಾಳೆ. ರಾತ್ರಿ ಕಾಡುಪ್ರಾಣಿ ಹತ್ತಿರ ಬರದ ಹಾಗೆ ಕಾಯುತ್ತಾಳೆ. ಒಂದು ದಿನವಲ್ಲ, ಆಕಾಶದಿಂದ ಮಳೆ ಬೀಳುವ ತನಕ. ಇಡೀ ಕಥೆಯಲ್ಲಿ ಅವಳ ಬಾಯಿಂದ ಒಂದೇ ಒಂದು ಮಾತು ಬರುವುದಿಲ್ಲ. ವಿಷಯ ಕಿವಿಗೆ ಬಿದ್ದ ಮೇಲೆ ದಾವೀದ ಮೂಳೆಗಳನ್ನು ಆರಿಸಿ ತರಿಸಿ ಸಮಾಧಿ ಮಾಡಿಸುತ್ತಾನೆ. ಆಮೇಲೆ ದೇವರು ದೇಶದ ಮೊರೆ ಕೇಳಿದರು ಅಂತ ಬರೆದಿದೆ. ಈ ಅಧ್ಯಾಯ ಬರೆದವನಿಗೂ ಎಲ್ಲೋ ಚುಚ್ಚಿರಬೇಕು, ಇಲ್ಲದಿದ್ದರೆ ರಿಚ್ಪಳ ಗೋಣಿತಟ್ಟಿನ ತನಕ ಹೋಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

(ವಿರಾಮ. ಖಾಲಿ ಬಂಡೆಯ ಚಿತ್ರ.)

ಇಲ್ಲಿ ಒಂದು ಮಾತು. ಈಗಾಗಲೇ ಯಾರೋ ಕೆಳಗೆ ಕಾಮೆಂಟ್ ಟೈಪ್ ಮಾಡುತ್ತಿರುತ್ತೀರಿ: ನಮ್ಮಲ್ಲಿ ಇಂಥದ್ದೆಲ್ಲ ಇಲ್ಲಪ್ಪ ಅಂತ. ಸ್ವಲ್ಪ ತಡೆಯಿರಿ. ಅಪ್ಪ ಮಾಡಿದ ಸಾಲವನ್ನು ಮಗ, ಮೊಮ್ಮಗ, ಮರಿಮಗ ತೀರಿಸುವುದು ಧರ್ಮ ಅನ್ನುವ ನಿಯಮ ನಮ್ಮ ಹಿಂದೂ ಕಾನೂನಿನಲ್ಲೇ ಇತ್ತು. ಕೋರ್ಟುಗಳು ಅದನ್ನು ಒಪ್ಪುತ್ತಲೂ ಇದ್ದವು. ಹೊಸ ಸಾಲಗಳಿಗೆ ಅದು ಅನ್ವಯಿಸುವುದಿಲ್ಲ ಅಂತ ತೆಗೆದುಹಾಕಿದ್ದು 2005ರ ತಿದ್ದುಪಡಿಯಲ್ಲಿ. ಇನ್ನು ಅಂಗವಿಕಲ ಮಗು ಹುಟ್ಟಿದ ಮನೆಗೆ ಹೋಗಿ 'ಯಾವ ಜನ್ಮದ ಪಾಪವೋ' ಅಂತ ನಿಟ್ಟುಸಿರು ಬಿಡುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಮಗು ಮಾಡಿದ್ದು ಅದಕ್ಕೆ ನೆನಪಿಲ್ಲ, ಆದರೂ ಲೆಕ್ಕ ಅದರದ್ದೇ.

ಸರಿ, ವಾಪಸ್ ಬರೋಣ.

ಕ್ರಿ.ಪೂ. 597. ಬ್ಯಾಬಿಲೋನಿನ ರಾಜ ಜೆರುಸಲೇಮಿನಿಂದ ರಾಜನನ್ನೂ ಸಾವಿರಾರು ಜನರನ್ನೂ ಸೆರೆ ಹಿಡಿದು ಕರೆದುಕೊಂಡು ಹೋದ. ಆ ಸೆರೆಯವರಲ್ಲಿ ಒಬ್ಬ ಪುರೋಹಿತ, ಹೆಸರು ಯೆಹೆಜ್ಕೇಲ. ಪರದೇಶದ ಕಾಲುವೆ ದಂಡೆಯಲ್ಲಿ ಬಿದ್ದಿದ್ದ ಆ ಜನರ ಬಾಯಲ್ಲಿ ಒಂದು ಗಾದೆ ಓಡಾಡುತ್ತಿತ್ತು: ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಜುಮ್ಮೆಂದಿತು. ಅಂದರೆ, ತಾತಂದಿರು ಮಾಡಿದ್ದಕ್ಕೆ ನಾವು ಇಲ್ಲಿ ಸಾಯುತ್ತಿದ್ದೇವೆ.

ಯೆಹೆಜ್ಕೇಲನ 18ನೇ ಅಧ್ಯಾಯ ಇಡೀ ಈ ಗಾದೆಗೆ ಉತ್ತರ. ಇನ್ನು ಮುಂದೆ ಈ ಗಾದೆ ಆಡಬೇಡಿ ಅಂತ ದೇವರು ಆಣೆ ಇಟ್ಟು ಹೇಳುತ್ತಾರೆ. ಪಾಪ ಮಾಡಿದವನೇ ಸಾಯುವನು, ಮಗ ತಂದೆಯ ದೋಷ ಹೊರುವುದಿಲ್ಲ, ತಂದೆ ಮಗನ ದೋಷ ಹೊರುವುದಿಲ್ಲ. ಒಳ್ಳೆ ಅಪ್ಪ, ಕೆಟ್ಟ ಮಗ, ಮತ್ತೆ ಒಳ್ಳೆ ಮೊಮ್ಮಗ ಅಂತ ಮೂರು ತಲೆಮಾರಿನ ಲೆಕ್ಕ ಬಿಡಿಸಿ ಬಿಡಿಸಿ ಹೇಳುತ್ತದೆ, ವಕೀಲರು ವಾದ ಮಂಡಿಸುವ ಹಾಗೆ. ನಡುವೆ ಜನ ತಿರುಗಿ ಹೇಳುತ್ತಾರೆ: ಕರ್ತನ ದಾರಿ ಸರಿಯಿಲ್ಲ. 25ನೇ ವಚನ, ಬೇಕಾದರೆ ತೆಗೆದು ನೋಡಿ. ದೇವರು 'ಬಾಯಿ ಮುಚ್ಚಿ' ಅನ್ನುವುದಿಲ್ಲ. ಸರಿಯಿಲ್ಲದ್ದು ನನ್ನ ದಾರಿಯೋ ನಿಮ್ಮದೋ ಅಂತ ವಾದಕ್ಕೆ ಇಳಿಯುತ್ತಾರೆ.

ಹಾಗಾಗಿ ದೇವರ ನ್ಯಾಯವನ್ನು ಪ್ರಶ್ನೆ ಮಾಡುವುದೇ ಪಾಪ ಅಂತ ಯಾರಾದರೂ ಹೇಳಿದರೆ, ಈ ಅಧ್ಯಾಯ ತೋರಿಸಿ.

ಯೋಹಾನನ ಸುವಾರ್ತೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. ಹುಟ್ಟು ಕುರುಡನೊಬ್ಬನನ್ನು ಕಂಡು ಶಿಷ್ಯರು ಯೇಸುವನ್ನು ಕೇಳುತ್ತಾರೆ: ಗುರುವೇ, ಪಾಪ ಮಾಡಿದ್ದು ಇವನೋ, ಇವನ ಅಪ್ಪ ಅಮ್ಮನೋ? ಇವನೂ ಅಲ್ಲ, ಅವರೂ ಅಲ್ಲ ಅನ್ನುತ್ತಾರೆ ಯೇಸು. ದೇವರ ಕೆಲಸ ಇವನಲ್ಲಿ ತೋರಬೇಕು ಅದಕ್ಕೇ ಅಂತ ಮುಂದುವರಿಸುತ್ತಾರೆ. ಆ ಎರಡನೇ ಭಾಗ ನನಗೆ ಅಷ್ಟೇನೂ ಸಮಾಧಾನ ಕೊಡುವುದಿಲ್ಲ. ಅವನು ಅಷ್ಟು ವರ್ಷ ಕತ್ತಲಲ್ಲಿ ಇದ್ದದ್ದು ಒಂದು ಪ್ರದರ್ಶನಕ್ಕಾ? ಆದರೆ ಮೊದಲ ಭಾಗ ಮಾತ್ರ ಸ್ಪಷ್ಟ.

ಇಷ್ಟೆಲ್ಲ ಇದ್ದೂ ಓಬರ್‌ಬ್ಯೂರನ್‌ನ ಗರಿ ಎಲ್ಲಿಂದ ಬಂತು?

(ಪರದೆ ಮೇಲೆ: ಉತ್ತರ ಆಫ್ರಿಕಾದ ನಕ್ಷೆ)

ಅದಕ್ಕೆ ಅಗಸ್ಟೀನರ ಹತ್ತಿರ ಹೋಗಬೇಕು. 354ರಲ್ಲಿ ಹುಟ್ಟಿ 430ರಲ್ಲಿ ತೀರಿಕೊಂಡವರು. ಇವತ್ತಿನ ಅಲ್ಜೀರಿಯಾದಲ್ಲಿದ್ದ ಹಿಪ್ಪೋ ಎಂಬ ಊರಿನ ಬಿಷಪ್. ಭಾರೀ ಬುದ್ಧಿವಂತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗ್ರೀಕ್ ಅಷ್ಟಾಗಿ ಬರುತ್ತಿರಲಿಲ್ಲ. ಬೈಬಲಿನಲ್ಲಿರುವ, ಯೇಸುವಿನ ಸಂದೇಶ ಸಾರಿದ ಪೌಲ ರೋಮಾಪುರದವರಿಗೆ ಬರೆದ ಪತ್ರ ಇದ್ದದ್ದು ಗ್ರೀಕಿನಲ್ಲಿ, ಅಗಸ್ಟೀನರು ಓದಿದ್ದು ಲ್ಯಾಟಿನ್ ಅನುವಾದ. ಐದನೇ ಅಧ್ಯಾಯ, 12ನೇ ವಚನ. ಗ್ರೀಕಿನ 'ಎಫ್ ಹೋ' ಅನ್ನುವ ಎರಡು ಪುಟ್ಟ ಪದಗಳಿಗೆ 'ಯಾಕೆಂದರೆ' ಅನ್ನುವ ಅರ್ಥವನ್ನೇ ಇವತ್ತಿನ ಹೆಚ್ಚಿನ ಅನುವಾದಗಳು ಕೊಡುತ್ತವೆ. ಲ್ಯಾಟಿನ್‌ನಲ್ಲಿ ಅದು 'ಇನ್ ಕ್ವೋ' ಆಯಿತು. ಅದನ್ನು 'ಅವನಲ್ಲಿ' ಅಂತಲೂ ಓದಬಹುದು. ಎಲ್ಲರೂ ಪಾಪ ಮಾಡಿದ್ದರಿಂದ ಎಲ್ಲರಿಗೂ ಸಾವು ಬಂತು ಅನ್ನುವುದು ಒಂದು. ಆದಾಮನಲ್ಲಿ ಎಲ್ಲರೂ ಪಾಪ ಮಾಡಿದರು ಅನ್ನುವುದು ಇನ್ನೊಂದು. ಅಗಸ್ಟೀನರು ಎರಡನೆಯದನ್ನು ಹಿಡಿದರು.

ನನ್ನ ಮೇಜಿನ ಮೇಲಿರುವ ಕನ್ನಡ ಸತ್ಯವೇದ ತೆಗೆದು ನೋಡಿದೆ. ಅಲ್ಲಿರುವುದು 'ಎಲ್ಲರೂ ಪಾಪ ಮಾಡಿದ್ದರಿಂದ' ಅಂತಲೇ. ಅಗಸ್ಟೀನರಿಗೆ ಕನ್ನಡ ಬಂದಿದ್ದರೆ ಈ ಕಥೆ ಬೇರೆ ಆಗುತ್ತಿತ್ತೇನೋ! ತಮಾಷೆಗೆ ಹೇಳಿದೆ. ಎರಡು ಪದದ ಮೇಲೆಯೇ ಇಡೀ ಸಿದ್ಧಾಂತ ನಿಂತಿಲ್ಲ. ಮಕ್ಕಳಿಗೆ ದೀಕ್ಷಾಸ್ನಾನ ಕೊಡುವ ಪದ್ಧತಿ ಆಗಲೇ ಇತ್ತು. ಪಾಪ ತೊಳೆಯಲು ತಾನೇ ಈ ಸ್ನಾನ, ಹಾಗಾದರೆ ಮಗುವಿನಲ್ಲೂ ಪಾಪ ಇರಲೇಬೇಕು ಅಂತ ಅವರು ಹಿಂದಿನಿಂದ ಲೆಕ್ಕ ಹಾಕಿದರು. ಸ್ನಾನ ಆಗದೆ ಸತ್ತ ಮಕ್ಕಳಿಗೂ ಶಿಕ್ಷೆ ಇದೆ, ಆದರೆ ಎಲ್ಲರಿಗಿಂತ ಹಗುರ ಶಿಕ್ಷೆ ಅಂದರು. ಆ 'ಹಗುರ' ಅನ್ನುವ ಪದದಲ್ಲಿ ಅವರಿಗೂ ಒಳಗೊಳಗೆ ಕಸಿವಿಸಿ ಆಗಿದ್ದು ಕಾಣುತ್ತದೆ.

ಎದುರು ನಿಂತವರೂ ಇದ್ದರು. ಬ್ರಿಟನ್ನಿನಿಂದ ಬಂದ ಪೆಲೇಜಿಯಸ್, ಮನುಷ್ಯ ತನ್ನ ತಪ್ಪಿಗೆ ತಾನೇ ಹೊಣೆ ಅಂದರು. 418ರಲ್ಲಿ ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಅವರ ವಾದವನ್ನು ಖಂಡಿಸಿತು. ಪೋಪರೂ ಖಂಡನಾ ಪತ್ರ ಹೊರಡಿಸಿದರು. ಇಟಲಿಯ ಬಿಷಪ್ ಜೂಲಿಯನ್ ಆ ಪತ್ರಕ್ಕೆ ಸಹಿ ಹಾಕಲು ಒಪ್ಪಲಿಲ್ಲ, ಪದವಿ ಕಳೆದುಕೊಂಡರು. ನೀವು ಹೇಳುವ ದೇವರು ಹಸುಗೂಸುಗಳನ್ನು ಹಿಂಸಿಸುವವನು ಅಂತ ಅಗಸ್ಟೀನರ ವಿರುದ್ಧ ನೇರವಾಗಿಯೇ ಬರೆದರು. ಇತ್ತ ಪೂರ್ವದ ಆರ್ಥೊಡಾಕ್ಸ್ ಚರ್ಚ್ ಗ್ರೀಕಿನಲ್ಲೇ ಓದುತ್ತಿತ್ತು. ಆದಾಮನಿಂದ ನಮಗೆ ಬಂದದ್ದು ಸಾವು, ಅವನ ಅಪರಾಧ ಅಲ್ಲ ಅಂತ ಅವರು ಇವತ್ತಿಗೂ ಹೇಳುತ್ತಾರೆ.

ಕ್ಯಾಥೊಲಿಕರ ಈಗಿನ ಧರ್ಮೋಪದೇಶವೂ ಜನ್ಮಪಾಪ ಅಂದರೆ ಮಾಡಿದ ಕೃತ್ಯವಲ್ಲ, ಅಂಟಿಕೊಂಡ ಸ್ಥಿತಿ ಅನ್ನುತ್ತದೆ. ಒಪ್ಪಿದೆ ಅಂತಲೇ ಇಟ್ಟುಕೊಳ್ಳೋಣ. ಅದು ಕಾಯಿಲೆಯ ಹಾಗೆ. ಕಾಮಾಲೆ ಇರುವ ಮಗುವನ್ನು ನಾವು ದೀಪದಡಿ ಮಲಗಿಸುತ್ತೇವೆ, ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ ಅಲ್ವಾ? ಅದು ಸ್ಥಿತಿಯೇ ಆಗಿದ್ದರೆ, ಇಷ್ಟು ಕಾಲ ಬಾಗಿಲು ಹಾಕಿದ್ದು ಯಾಕೆ?

ಮಧ್ಯಯುಗದ ಪಂಡಿತರು ಒಂದು ದಾರಿ ಹುಡುಕಿದರು. ಅದರ ಹೆಸರು ಲಿಂಬೋ. ಸ್ವರ್ಗವೂ ಅಲ್ಲ, ನರಕದ ನೋವೂ ಇಲ್ಲ. ಆದರೆ ನೆಲದ ಮೇಲೆ ಆ ನಡುವಿನ ಜಾಗ ಹೇಗಿತ್ತು ಗೊತ್ತಾ?

(ಪರದೆ ಮೇಲೆ: ಹುಲ್ಲು ಬೆಳೆದ ಗದ್ದೆಯ ಅಂಚು, ಸಣ್ಣ ಸಣ್ಣ ಕಲ್ಲುಗಳು)

ಐರ್ಲೆಂಡಿನಲ್ಲಿ ಅದಕ್ಕೆ ಕಿಲ್ಲೀನ್ ಅನ್ನುತ್ತಾರೆ. ದೀಕ್ಷಾಸ್ನಾನ ಆಗದ ಮಕ್ಕಳಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಇರಲಿಲ್ಲ. ಪಾಳುಬಿದ್ದ ಹಳೇ ಚರ್ಚಿನ ಪಕ್ಕ, ಗದ್ದೆಯ ಬದುವಿನಲ್ಲಿ, ಸಮುದ್ರದ ದಂಡೆಯಲ್ಲಿ ಹೂಳುತ್ತಿದ್ದರು. ಕತ್ತಲಾದ ಮೇಲೆ ಅಪ್ಪನೋ ಮಾವನೋ ಒಂದು ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದ. ಪಾದ್ರಿ ಇಲ್ಲ, ಪ್ರಾರ್ಥನೆ ಇಲ್ಲ. ಬಾಣಂತಿ ಮನೆಯಲ್ಲೇ. ಇದು ಇಪ್ಪತ್ತನೇ ಶತಮಾನದಲ್ಲೂ ನಡೆದಿದೆ.

2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ ಒಂದು ದಾಖಲೆ ಹೊರಡಿಸಿತು. ಪ್ರಕಟಣೆಗೆ ಪೋಪ್ ಹದಿನಾರನೇ ಬೆನೆಡಿಕ್ಟ್ ಒಪ್ಪಿಗೆ ಕೊಟ್ಟಿದ್ದರು. ಲಿಂಬೋ ಯಾವತ್ತೂ ಕಡ್ಡಾಯ ನಂಬಿಕೆ ಆಗಿರಲಿಲ್ಲ, ಈ ಮಕ್ಕಳಿಗೂ ರಕ್ಷಣೆ ಸಿಗುತ್ತದೆ ಅಂತ ಆಶಿಸಲು ಕಾರಣಗಳಿವೆ ಅಂತ ಅದರಲ್ಲಿದೆ. ಆಶಿಸಲು ಮಾತ್ರ, ಖಚಿತವಾಗಿ ತಿಳಿಯಲು ಅಲ್ಲ ಅಂತಲೂ ಸೇರಿಸಿದ್ದಾರೆ.

ಅಷ್ಟೊತ್ತಿಗೆ ಆ ತಾಯಂದಿರಲ್ಲಿ ಎಷ್ಟೋ ಜನ ತೀರಿಹೋಗಿದ್ದರು. ಬದುವಿನ ಆ ಕಲ್ಲುಗಳು ಈಗಲೂ ಇವೆ. ಬಹುಪಾಲು ಕಲ್ಲುಗಳ ಮೇಲೆ ಹೆಸರಿಲ್ಲ. ಹೆಸರಿಡುವುದು ದೀಕ್ಷಾಸ್ನಾನದ ದಿನ.